ದುಡಿಯುವ ಜಾಗಕ್ಕೂ ಆರೈಕೆ ಬೇಕು



ಕೆಲಸದ ಜಾಗದಲ್ಲಿ ನಡೆಸುವ ಆರೋಗ್ಯ ಕಾರ್ಯಕ್ರಮಗಳಿಂದ ಮಾಲೀಕರಿಗೆ ಏನು ಸಿಗುತ್ತದೆ, ದುಡಿಯುವವರಿಗೆ ಏನು ಸಿಗುತ್ತದೆ ಎಂಬ ಬಗ್ಗೆ ಈ ಹೊತ್ತು ನಾಲ್ಕು ಮಾತು ಹೇಳಲು ಬಂದಿದ್ದೇನೆ. ಬೆಂಗಳೂರು ಮತ್ತು ಅದರ ಸುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಚಿಕಿತ್ಸಾ ಕೋಣೆಗಳಲ್ಲಿ ವೈದ್ಯನಾಗಿ ಕೂತು ಬಂದವನು ನಾನು. ಹಾಗಾಗಿ ನನ್ನ ಉದಾಹರಣೆಗಳು ಹೆಚ್ಚಾಗಿ ಹೊಲಿಗೆ ಯಂತ್ರದ ಸುತ್ತಲಿನವು. ಆದರೆ ಮಾತು ಬಸ್ಸು ಓಡಿಸುವವರಿಗೂ, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವವರಿಗೂ, ಕಂಪ್ಯೂಟರ್ ಮುಂದೆ ಕೂತವರಿಗೂ ಸೇರಿದ್ದು.

ಆರೋಗ್ಯ ಕಾರ್ಯಕ್ರಮ ಎಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಇಷ್ಟು. ವರ್ಷಕ್ಕೊಮ್ಮೆ ಕ್ಯಾಂಟೀನ್ ಹಾಲಿನಲ್ಲಿ ತಪಾಸಣಾ ಶಿಬಿರ. ಹೊರಗಿನ ಆಸ್ಪತ್ರೆಯವರು ಮೇಜು ಹಾಕಿಕೊಂಡು ಬಿಪಿ, ಶುಗರ್, ತೂಕ ನೋಡುತ್ತಾರೆ. ಜೂನ್ 21ಕ್ಕೆ ಯೋಗ ದಿನ. ಐಟಿ ಕಂಪನಿಯಾದರೆ ಜಿಮ್, ಹೆಜ್ಜೆ ಎಣಿಸುವ ಸ್ಪರ್ಧೆ, ಒತ್ತಡ ನಿಭಾಯಿಸುವ ಬಗ್ಗೆ ಒಂದು ಉಪನ್ಯಾಸ, ಫೋನಿನಲ್ಲಿ ಒಂದು ಆ್ಯಪ್.

ಇವು ಬೇಡ ಎನ್ನುವವನಲ್ಲ ನಾನು. ರಕ್ತದೊತ್ತಡ ಏರಿದ್ದು ಎಷ್ಟೋ ವರ್ಷ ಗೊತ್ತೇ ಆಗುವುದಿಲ್ಲ, ನೋವಿಲ್ಲ, ಜ್ವರವಿಲ್ಲ. ನಲವತ್ತು ದಾಟಿದವರ ತೋಳಿಗೆ ಪಟ್ಟಿ ಸುತ್ತಿ ನೋಡಿದಾಗಲೇ ಅದು ಮೊದಲ ಸಲ ತಿಳಿಯುವುದುಂಟು. ಕೆಎಸ್‌ಆರ್‌ಟಿಸಿ ತನ್ನ ನೌಕರರ ಹೃದಯ ತಪಾಸಣೆಗೆ ಜಯದೇವ ಹೃದ್ರೋಗ ಸಂಸ್ಥೆಯ ಜೊತೆ ಕೈಜೋಡಿಸಿದ್ದು ಒಳ್ಳೆಯ ಕೆಲಸ. ಸ್ಟಿಯರಿಂಗ್ ಹಿಡಿದವರ ಎದೆ ಸರಿಯಿದ್ದರೆ ಹಿಂದೆ ಕೂತ ಐವತ್ತು ಜನರೂ ಕ್ಷೇಮ.

ನನ್ನ ತಕರಾರು ಶಿಬಿರ ಮುಗಿದ ಮಾರನೆಯ ದಿನದ್ದು. ಬಿಪಿ ಏರಿದ ಹೆಣ್ಣುಮಗಳೊಬ್ಬಳ ಕೈಯಲ್ಲಿ ಒಂದು ಚೀಟಿ ಇದೆ. ‘ಇಎಸ್‌ಐ ಡಿಸ್ಪೆನ್ಸರಿಯಲ್ಲಿ ತೋರಿಸಿ’ ಎಂದು ಅದರಲ್ಲಿ ಬರೆದಿದೆ. ಡಿಸ್ಪೆನ್ಸರಿ ತೆರೆದಿರುವ ಹೊತ್ತಿನಲ್ಲೇ ಇಲ್ಲಿ ಹೊಲಿಗೆ ಲೈನ್ ಓಡುತ್ತಿರುತ್ತದೆ. ಹೋಗಬೇಕೆಂದರೆ ಒಂದು ದಿನ ರಜೆ ಹಾಕಬೇಕು. ರಜೆ ಹಾಕಿದರೆ ಆ ತಿಂಗಳ ಅಟೆಂಡೆನ್ಸ್ ಬೋನಸ್ ಹೋಯಿತು. ಆಕೆ ಚೀಟಿಯನ್ನು ಮಡಿಸಿ ಪರ್ಸಿನಲ್ಲಿಡುತ್ತಾಳೆ. ಮುಂದಿನ ವರ್ಷದ ಶಿಬಿರದಲ್ಲಿ ಅದೇ ಬಿಪಿ, ಇನ್ನೊಂದು ಚೀಟಿ. ತಪಾಸಣೆಯ ಹಿಂದೆಯೇ ಸಂಬಳ ಸಹಿತ ಅರ್ಧ ದಿನ ಬಿಡುವು ಕೊಟ್ಟು, ಅದನ್ನು ಬೋನಸ್ಸಿನ ಲೆಕ್ಕಕ್ಕೆ ಹಿಡಿಯದೆ ಬಿಟ್ಟರೆ ಶಿಬಿರಕ್ಕೆ ಖರ್ಚು ಮಾಡಿದ ದುಡ್ಡು ಸಾರ್ಥಕ. ಇಲ್ಲವಾದರೆ ಫೋಟೊಗಳಷ್ಟೇ ಉಳಿಯುತ್ತವೆ.

ಇನ್ನೊಂದು ಸಂಗತಿ ಹೇಳುತ್ತೇನೆ. ಬೇಸಿಗೆಯಲ್ಲಿ ಚಿಕಿತ್ಸಾ ಕೋಣೆಗೆ ಬರುವ ದೂರುಗಳಲ್ಲಿ ಉರಿಮೂತ್ರದ್ದು ಮೊದಲ ಸಾಲಿನಲ್ಲಿರುತ್ತದೆ. ಮಾತ್ರೆಯಿಂದ ವಾಸಿಯಾಗುತ್ತದೆ, ಸ್ವಲ್ಪ ದಿನಕ್ಕೆ ಅದೇ ಮುಖ ಮತ್ತೆ ಬಾಗಿಲಲ್ಲಿ. ಮಂಡ್ಯ ಕಡೆಯ ಒಬ್ಬ ಟೈಲರ್, ಶರ್ಟಿಗೆ ಕಾಲರ್ ಕೂರಿಸುವಾಕೆ, ಹೀಗೇ ಬರುತ್ತಿದ್ದರು. ‘ನೀರು ಸರಿಯಾಗಿ ಕುಡೀತೀರೇನಮ್ಮ?’ ಎಂದು ಕೇಳಿದೆ.

‘ಎಲ್ಲಿ ಸಾರ್! ಬಾಟ್ಲಿ ತುಂಬ್ಕಂಡೇ ಬತ್ತೀನಿ. ಕುಡುದ್ರೆ ಎದ್ದೋಗ್ಬೇಕಲ್ಲ.’

‘ಹೋದರೆ ಏನಾಗುತ್ತೆ?’

‘ನಾನೆದ್ರೆ ನನ್ ಮಿಷಿನ್ ತಾವ ಬಂಡ್ಲು ಕೂತ್ಕತವೆ, ಮುಂದ್ಲೋಳು ಬರೀ ಕೈಲಿ ಕಾಯ್ತಾಳೆ. ಸೂಪ್ರವೈಜರ್ ಎಲ್ರ ಮುಂದೆ ಕೂಗಾಡ್ತಾರೆ. ಅದ್ಕೇ ಊಟದ್ ಹೊತ್ಗೆ ಒಂದ್ಸಲ ಹೋಗ್ಬುಟ್ರೆ ಆಯ್ತು, ಇನ್ನ ಮನೆಗೋದ್ಮೇಲೇ.’

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಆ ಲೈನಿಗೆ ಹೋಗಿ ನೋಡಿದೆ. ಯಂತ್ರದ ಕಾಲಿಗೆ ಒರಗಿಸಿದ ಒಂದು ಲೀಟರಿನ ಬಾಟಲಿ ಕತ್ತಿನವರೆಗೆ ತುಂಬಿಯೇ ಇತ್ತು. ಆಕೆಯದೊಂದೇ ಅಲ್ಲ, ಆ ಸಾಲಿನ ಉದ್ದಕ್ಕೂ ಹಾಗೇ. ಗೋಡೆಯ ಮೇಲೆ ‘ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ’ ಎಂಬ ಬಣ್ಣದ ಭಿತ್ತಿಪತ್ರವೂ ಇತ್ತು.

ನೀರಿನ ಮಹತ್ವ ಆ ಹೆಣ್ಣುಮಕ್ಕಳಿಗೆ ಗೊತ್ತಿಲ್ಲದ್ದಲ್ಲ. ಅವರಿಗೆ ಬೇಕಾದ್ದು ಎದ್ದವರ ಜಾಗದಲ್ಲಿ ಹತ್ತು ನಿಮಿಷ ಕೂತು ಕಾಲರ್ ಹೊಲಿಯಬಲ್ಲ ಇನ್ನೊಬ್ಬರು. ಫ್ಲೋಟರ್ ಅನ್ನುತ್ತಾರಲ್ಲ, ಎಲ್ಲ ಆಪರೇಷನ್ ಬಲ್ಲ ಟೈಲರ್, ಅಂಥವರು ಲೈನಿಗೊಬ್ಬರು. ಅವರ ಸಂಬಳ ಆರೋಗ್ಯದ ಖರ್ಚು ಎಂದು ಯಾವ ಕಂಪನಿಯ ಪುಸ್ತಕದಲ್ಲೂ ಬರೆದಿರುವುದಿಲ್ಲ. ನನ್ನ ಮಟ್ಟಿಗೆ ಒಂದು ಹೊಲಿಗೆ ಲೈನಿಗೆ ಕೊಡಬಹುದಾದ ಬಹು ದೊಡ್ಡ ಔಷಧ ಅದು. ನಾನು ಹೇಳಬೇಕೆಂದಿರುವುದೂ ಇದನ್ನೇ: ಆರೋಗ್ಯ ಕಾರ್ಯಕ್ರಮ ಕೆಲಸಗಾರರ ಅಭ್ಯಾಸಗಳನ್ನು ತಿದ್ದಲು ಹೊರಡುವ ಮೊದಲು ಕೆಲಸದ ಏರ್ಪಾಟನ್ನು ತಿದ್ದಬೇಕು. ಹಾಗೆ ತಿದ್ದಿದ ಕಡೆ ಇಬ್ಬರಿಗೂ ಲಾಭವಾದ ಪುರಾವೆ ಇದೆ. ಅಭ್ಯಾಸಗಳ ಹಿಂದಷ್ಟೇ ಹೋದ ಕಡೆ ಪುರಾವೆ ಬಡವಾಗಿದೆ.

1948ರ ಕಾರ್ಖಾನೆ ಕಾಯ್ದೆಯನ್ನು ರೂಪಿಸಿದವರಿಗೆ ಈ ತಿಳಿವಳಿಕೆ ಚೆನ್ನಾಗಿಯೇ ಇತ್ತು. ಕುಡಿಯುವ ನೀರಿನ ಜಾಗ ಶೌಚಾಲಯದಿಂದ ಕನಿಷ್ಠ ಆರು ಮೀಟರ್ ದೂರವಿರಬೇಕು, ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ‘ಕುಡಿಯುವ ನೀರು’ ಎಂದು ಬರೆದಿರಬೇಕು, 250ಕ್ಕಿಂತ ಹೆಚ್ಚು ಜನರಿದ್ದರೆ ಬೇಸಿಗೆಯಲ್ಲಿ ತಣ್ಣೀರು ಕೊಡಬೇಕು ಎಂಬಷ್ಟು ಸೂಕ್ಷ್ಮಕ್ಕೆ ಅವರು ಇಳಿದಿದ್ದರು. ಐದು ಗಂಟೆಗಿಂತ ಹೆಚ್ಚು ಕಾಲ ಬಿಡುವಿಲ್ಲದೆ ದುಡಿಸುವಂತಿಲ್ಲ, ನಿಂತು ಕೆಲಸ ಮಾಡುವವರಿಗೆ ಸಂದರ್ಭ ಸಿಕ್ಕಾಗ ಕೂರಲು ಆಸನ ಇರಬೇಕು, ಐವತ್ತಕ್ಕಿಂತ ಹೆಚ್ಚು ಮಹಿಳೆಯರಿದ್ದರೆ ಶಿಶುವಿಹಾರ ನಡೆಸಬೇಕು ಎಂದೂ ವಿಧಿಸಿದರು. 2020ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ಇದಕ್ಕೆ ಇನ್ನೊಂದು ಅಂಶ ಸೇರಿಸಿತು: ಸರ್ಕಾರ ಗೊತ್ತುಮಾಡಿದ ವಯಸ್ಸಿನ ಅಥವಾ ವರ್ಗದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಮಾಲೀಕರ ಖರ್ಚಿನಲ್ಲಿ ಆರೋಗ್ಯ ತಪಾಸಣೆ.

ಶಿಶುವಿಹಾರದ ಮಾತು ಬಂತು. ‘ಕೋಣೆ ಇದೆ, ತೊಟ್ಟಿಲಿದೆ, ಆಯಾ ಇದ್ದಾರೆ, ಮಕ್ಕಳನ್ನೇ ಯಾರೂ ಕರೆತರುವುದಿಲ್ಲ’ ಎಂದು ಎಷ್ಟೋ ಮಾಲೀಕರು ಹೇಳುತ್ತಾರೆ. ಅದು ನಿಜವೇ. ಬೆಳಿಗ್ಗೆ ಕಾಲಿಡಲು ಜಾಗವಿಲ್ಲದ ಟೆಂಪೊದಲ್ಲಿ ಒಂದೂವರೆ ವರ್ಷದ ಕೂಸನ್ನು ಎತ್ತಿಕೊಂಡು ಒಂದು ಗಂಟೆ ನಿಲ್ಲುವುದು ಯಾವ ತಾಯಿಗೆ ಸಾಧ್ಯ? ಕೂಸನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬರುತ್ತಾರೆ, ಇಲ್ಲವೇ ಕೆಲಸವನ್ನೇ ಬಿಡುತ್ತಾರೆ. ಮಕ್ಕಳಿರುವ ತಾಯಂದಿರಿಗೆಂದು ಗಾಡಿಯಲ್ಲಿ ನಾಲ್ಕು ಸೀಟು ಮೀಸಲಿಟ್ಟರೆ ಆ ತೊಟ್ಟಿಲು ತೂಗಲು ಶುರುವಾಗುತ್ತದೆ.

ಏರ್ಪಾಟು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಒಂದು ಅಧ್ಯಯನ ನಮ್ಮ ಬೆಂಗಳೂರಿನದೇ ಇದೆ. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಂ ಎಂಬ ಅರ್ಥಶಾಸ್ತ್ರಜ್ಞರು ಮಾಡಿದ್ದು, 2020ರಲ್ಲಿ ಪ್ರಕಟವಾಯಿತು. ಇಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ವಿದ್ಯುತ್ ಉಳಿತಾಯಕ್ಕೆಂದು ಹಳೆಯ ಫ್ಲೋರೆಸೆಂಟ್ ದೀಪಗಳನ್ನು ತೆಗೆದು ಎಲ್‌ಇಡಿ ಹಾಕಲಾಗಿತ್ತು. ಕೆಲಸಗಾರರ ಆರೋಗ್ಯ ಅದರ ಉದ್ದೇಶವಾಗಿರಲಿಲ್ಲ. ಆದರೆ ಎಲ್‌ಇಡಿ ಕಡಿಮೆ ಶಾಖ ಬಿಡುತ್ತದೆ. ಹೊಲಿಗೆ ನಡೆಯುವ ಮಹಡಿಯ ತಾಪಮಾನ ಎರಡು ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಇಳಿಯಿತು. ಸೆಕೆಯ ದಿನಗಳಲ್ಲಿ ಕುಗ್ಗುತ್ತಿದ್ದ ಉತ್ಪಾದನೆ ಚೇತರಿಸಿಕೊಂಡಿತು. ಕರೆಂಟು ಬಿಲ್ಲಿನ ಉಳಿತಾಯವೊಂದನ್ನೇ ಲೆಕ್ಕ ಹಾಕಿದರೆ ದೀಪದ ಖರ್ಚು ಮರಳಲು ಎಷ್ಟು ಕಾಲ ಬೇಕಾಗುತ್ತಿತ್ತೋ, ಹೆಚ್ಚಿದ ಉತ್ಪಾದನೆಯನ್ನೂ ಸೇರಿಸಿದಾಗ ಅದರ ಸುಮಾರು ಆರನೇ ಒಂದು ಭಾಗದಷ್ಟು ಕಾಲದಲ್ಲೇ ಮರಳಿತು.

ಆ ಎರಡು ಡಿಗ್ರಿಯ ಅರ್ಥ ಏನೆಂದು ಏಪ್ರಿಲ್ ತಿಂಗಳಲ್ಲಿ ಶೀಟ್ ಮಾಡಿನ ಕೆಳಗೆ, ಇಸ್ತ್ರಿ ಮೇಜುಗಳ ಪಕ್ಕದಲ್ಲಿ ನಿಂತು ನೋಡಿದವರಿಗೆ ತಿಳಿಯುತ್ತದೆ. ತಲೆ ಸಿಡಿತ, ಕಣ್ಣು ಕತ್ತಲೆ, ಸೂಜಿ ಬೆರಳಿಗೆ ಚುಚ್ಚಿಕೊಳ್ಳುವುದು, ಸಂಜೆಯ ಹೊತ್ತಿಗೆ ತಿದ್ದಲೆಂದು ವಾಪಸಾಗುವ ಪೀಸುಗಳು ಹೆಚ್ಚುವುದು, ಎಲ್ಲಕ್ಕೂ ಸೆಕೆಯ ನಂಟಿದೆ. ಹೊಲಿಯುವ ಕೈಗೆ ಆದ ಉಪಕಾರವೇ ಹೊಲಿಸುವವರಿಗೂ ಆಯಿತು, ಅದೂ ಒಂದೇ ವ್ಯವಸ್ಥೆಯಿಂದ.

ಗಣಿಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ ಸಿಲಿಕೋಸಿಸ್ ಹರಡಿತ್ತು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿ ಮಾಡುವ ಕಾಯಿಲೆ ಅದು. ಬಂದ ಮೇಲೆ ವಾಸಿ ಮಾಡುವ ಔಷಧ ಇಲ್ಲ. ಪ್ರಾಣಾಯಾಮ ಮಾಡಿದರೂ ಪೌಷ್ಟಿಕ ಆಹಾರ ತಿಂದರೂ ಧೂಳು ಧೂಳೇ. ನೀರು ಹಾಯಿಸುತ್ತ ಕಲ್ಲು ಕೊರೆಯುವುದು, ಗಾಳಿಯಾಡುವಂತೆ ಮಾಡುವುದು, ಧೂಳನ್ನು ಹುಟ್ಟುವಲ್ಲೇ ಅಡಗಿಸುವುದು, ಇವೇ ದಾರಿ. ಇವತ್ತಿನ ಗ್ರಾನೈಟ್ ಕ್ವಾರಿಗಳಿಗೂ ಕಲ್ಲು ಪಾಲಿಶ್ ಮಾಡುವ ಘಟಕಗಳಿಗೂ ಈ ಮಾತು ಹಾಗೇ ಅನ್ವಯಿಸುತ್ತದೆ.

ಹಾಗಾದರೆ ಅಭ್ಯಾಸ ತಿದ್ದುವ ಕಾರ್ಯಕ್ರಮಗಳು ಇಷ್ಟೊಂದು ಜನಪ್ರಿಯವಾದದ್ದು ಹೇಗೆ? ಅವುಗಳ ಮೂಲ ಅಮೆರಿಕದಲ್ಲಿದೆ. ಅಲ್ಲಿ ಉದ್ಯೋಗಿಯ ಆರೋಗ್ಯ ವಿಮೆಯ ಬಹುಪಾಲು ಹೊರೆ ಮಾಲೀಕರದು. ಕೆಲಸಗಾರರು ಹೆಚ್ಚು ಕಾಯಿಲೆ ಬಿದ್ದಷ್ಟೂ ಕಂಪನಿಯ ವಿಮೆಯ ಖರ್ಚು ಏರುತ್ತದೆ. ಅವರು ತೂಕ ಇಳಿಸಿದರೆ, ಸಿಗರೇಟು ಬಿಟ್ಟರೆ ದುಡ್ಡು ಉಳಿಯುತ್ತದೆ ಎಂಬುದು ಸಹಜವಾದ ಆಸೆ. 2010ರಲ್ಲಿ ಕ್ಯಾಥರಿನ್ ಬೈಕರ್, ಡೇವಿಡ್ ಕಟ್ಲರ್, ಜೀರುಯ್ ಸಾಂಗ್ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಲೆಕ್ಕ ಕೊಟ್ಟರು: ಇಂಥ ಕಾರ್ಯಕ್ರಮಕ್ಕೆ ಒಂದು ಡಾಲರ್ ಹಾಕಿದರೆ ವೈದ್ಯಕೀಯ ಖರ್ಚಿನಲ್ಲಿ 3.27 ಡಾಲರ್, ಗೈರುಹಾಜರಿಯಲ್ಲಿ 2.73 ಡಾಲರ್ ಉಳಿಯುತ್ತದೆ. ಈ ಅಂಕಿಗಳು ಲೋಕವೆಲ್ಲ ಸುತ್ತಿದವು. ಈಗಲೂ ಕಂಪನಿಗಳ ಸಭೆಗಳಲ್ಲಿ ಇವನ್ನು ತೋರಿಸುವವರಿದ್ದಾರೆ.

ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ಸಾಂಗ್ ಮತ್ತು ಬೈಕರ್ ಬಿಜೆಸ್ ಹೋಲ್‌ಸೇಲ್ ಕ್ಲಬ್ ಎಂಬ ದೊಡ್ಡ ಮಳಿಗೆ ಸರಪಳಿಯ 160 ಮಳಿಗೆಗಳಲ್ಲಿ ಚೀಟಿ ಎತ್ತಿದ ಹಾಗೆ ಕೆಲವನ್ನು ಆಯ್ದು, ಅಲ್ಲಿ ಮಾತ್ರ ಕಾರ್ಯಕ್ರಮ ನಡೆಸಿ, ಉಳಿದವುಗಳ ಜೊತೆ ಹೋಲಿಸಿದರು. ಸುಮಾರು 33,000 ನೌಕರರು, ಒಂದೂವರೆ ವರ್ಷ. ಫಲಿತಾಂಶ 2019ರಲ್ಲಿ ಬಂತು. ಕಾರ್ಯಕ್ರಮ ನಡೆದ ಕಡೆ ‘ನಾನು ವ್ಯಾಯಾಮ ಮಾಡುತ್ತೇನೆ’ ಎನ್ನುವವರು ಹೆಚ್ಚಿದ್ದರು. ಬಿಪಿ, ಕೊಲೆಸ್ಟರಾಲ್, ಆಸ್ಪತ್ರೆ ಖರ್ಚು, ಗೈರುಹಾಜರಿ ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ತಮ್ಮ ಹಳೆಯ ಲೆಕ್ಕವನ್ನು ತಾವೇ ಮತ್ತೆ ಒರೆಗೆ ಹಚ್ಚಿದ ಈ ಸಂಶೋಧಕರ ಬಗ್ಗೆ ನನಗೆ ತುಂಬು ಗೌರವವಿದೆ. ಅದೇ ವರ್ಷ ಇಲಿನಾಯ್ ವಿಶ್ವವಿದ್ಯಾಲಯದ ನೌಕರರ ಮೇಲಿನ ಅಧ್ಯಯನವೂ ಪ್ರಕಟವಾಯಿತು. ಅಂಥ ಕಾರ್ಯಕ್ರಮಕ್ಕೆ ಮುಂದೆ ಬಂದು ಸೇರುವವರು ಮೊದಲೇ ಆರೋಗ್ಯವಾಗಿದ್ದವರು, ಮೊದಲೇ ಆಸ್ಪತ್ರೆಗೆ ಕಡಿಮೆ ಖರ್ಚು ಮಾಡುತ್ತಿದ್ದವರು ಎಂದು ಅದು ತೋರಿಸಿತು. ಸೇರಿದವರನ್ನೂ ಸೇರದವರನ್ನೂ ಸುಮ್ಮನೆ ಹೋಲಿಸಿದರೆ ಕಾರ್ಯಕ್ರಮ ಗೆದ್ದಂತೆ ಕಾಣುತ್ತದೆ, ಅಷ್ಟೇ.

ನಮ್ಮಲ್ಲಿ ಲೆಕ್ಕವೇ ಬೇರೆ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಇರುವ ಕಾರ್ಮಿಕರಿಗೆ ಇಎಸ್‌ಐ ಇದೆ. ಮಾಲೀಕರ ವಂತಿಗೆ ಸಂಬಳದ ಶೇ 3.25, ಕಾರ್ಮಿಕರದು ಶೇ 0.75. ಕಾರ್ಮಿಕರು ಗಟ್ಟಿಮುಟ್ಟಾಗಿದ್ದರೂ ಅಷ್ಟೇ, ವರ್ಷವಿಡೀ ಆಸ್ಪತ್ರೆ ಅಲೆದರೂ ಅಷ್ಟೇ. ಅಂದರೆ ಆಸ್ಪತ್ರೆ ಖರ್ಚು ಉಳಿಸುವ ಅಮೆರಿಕದ ವಾದ ಇಲ್ಲಿನ ಕಾರ್ಖಾನೆಗೆ ಹೊಂದುವುದೇ ಇಲ್ಲ. ಇಲ್ಲಿ ಮಾಲೀಕರ ನಷ್ಟ ಇರುವುದು ಬೇರೆ ಕಡೆ. ಸೋಮವಾರ ಬೆಳಿಗ್ಗೆ ಲೈನಿನಲ್ಲಿ ಎಂಟು ಯಂತ್ರ ಖಾಲಿ. ಕೈ ಪಳಗಿದ ಟೈಲರ್ ಮೂರು ತಿಂಗಳಿಗೇ ಕೆಲಸ ಬಿಟ್ಟು ಪಕ್ಕದ ಕಾರ್ಖಾನೆಗೆ. ಹೊಸಬರನ್ನು ಹುಡುಕಬೇಕು, ಕಲಿಸಬೇಕು, ಅವರ ಕೈ ಕೂರುವವರೆಗೆ ಕಾಯಬೇಕು. ಶಿಪ್‌ಮೆಂಟ್ ತಡವಾದರೆ ಹಡಗಿನಲ್ಲಿ ಹೋಗಬೇಕಾದ ಮಾಲು ವಿಮಾನ ಏರುತ್ತದೆ, ಆ ಖರ್ಚು ಲಾಭವನ್ನೆಲ್ಲ ನುಂಗುತ್ತದೆ. ಜನ ಯಾಕೆ ಬರುತ್ತಿಲ್ಲ, ಯಾಕೆ ನಿಲ್ಲುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದೇ ನಮ್ಮಲ್ಲಿನ ಆರೋಗ್ಯ ಕಾರ್ಯಕ್ರಮದ ಮೊದಲ ಕೆಲಸ ಆಗಬೇಕು.

ದೇಹದ ಕಡೆಯಿಂದ ಬರುವ ಉತ್ತರಗಳಲ್ಲಿ ಒಂದನ್ನು ಎತ್ತಿ ಹೇಳುತ್ತೇನೆ: ರಕ್ತಹೀನತೆ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಹೇಳಿತು. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು ಬಹುತೇಕ ಇದೇ ವಯಸ್ಸಿನವರು. ರಕ್ತ ಕಡಿಮೆಯಾದರೆ ಕೆಲಸದ ಮೇಲೆ ಏನಾಗುತ್ತದೆ ಎಂಬುದು ಹಳೆಯ ವಿಷಯ. ಶ್ರೀಲಂಕಾದ ಚಹಾ ತೋಟಗಳ ಹೆಣ್ಣುಮಕ್ಕಳ ಮೇಲೆ 1979ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಕಬ್ಬಿಣಾಂಶ ಕೊಟ್ಟು ಹಿಮೋಗ್ಲೋಬಿನ್ ಏರಿದ ಮೇಲೆ ಅವರು ಕಿತ್ತ ಚಹಾ ಎಲೆಯ ತೂಕ ಹೆಚ್ಚಿತು. ಮೊದಲು ತೀರ ಕಡಿಮೆ ರಕ್ತ ಇದ್ದವರಲ್ಲಿ ಸುಧಾರಣೆ ಎಲ್ಲರಿಗಿಂತ ಹೆಚ್ಚು.

ಮಾತ್ರೆ ಅಗ್ಗ. ಹಂಚುವುದೂ ಸುಲಭ. ಕೆಡುವುದು ಸಣ್ಣ ವಿಷಯಗಳಲ್ಲಿ. ಕ್ಯಾಂಟೀನಿನಲ್ಲಿ ಊಟದ ಬೆನ್ನಿಗೇ ಟೀ ಕೊಡುತ್ತಾರೆ. ಕಬ್ಬಿಣದ ಮಾತ್ರೆಯನ್ನು ಟೀ ಜೊತೆಗೇ ನುಂಗಿದರೆ ಅದು ಮೈಗೆ ಹತ್ತುವುದು ಕಡಿಮೆ. ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಕೆಲವರಿಗೆ ಮಲಬದ್ಧತೆ ಆಗುತ್ತದೆ. ಮೊದಲೇ ತಿಳಿಸದಿದ್ದರೆ ಹೆದರಿ ಬಿಟ್ಟುಬಿಡುತ್ತಾರೆ. ಟೀಯನ್ನು ಒಂದು ಗಂಟೆ ತಡ ಮಾಡಿ, ಊಟದ ತಟ್ಟೆಗೆ ಅರ್ಧ ನಿಂಬೆಹಣ್ಣು ಹಾಕಿ, ವಾರಕ್ಕೆರಡು ದಿನ ಸೊಪ್ಪಿನ ಬಸ್ಸಾರು ಮಾಡಿಸಿದರೆ ಮಾತ್ರೆಗೆ ಬಲ ಬರುತ್ತದೆ. ಇದನ್ನು ಮಾಡಬಲ್ಲವರು ಕ್ಯಾಂಟೀನ್ ಗುತ್ತಿಗೆದಾರರು ಮತ್ತು ಅವರಿಗೆ ಹಣ ಕೊಡುವ ಮ್ಯಾನೇಜರ್. ತಟ್ಟೆಗೆ ಇಂತಿಷ್ಟೇ ಎಂದು ದರ ಹಿಸುಕಿದರೆ ಮೊದಲು ಮಾಯವಾಗುವುದೇ ಸೊಪ್ಪು ಮತ್ತು ಬೇಳೆ.

ಮುಟ್ಟಿನ ದಿನಗಳ ರಜೆಯನ್ನೂ ಇಲ್ಲೇ ನೆನೆಯಬೇಕು. ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ ಕೊಡುವ ನೀತಿಗೆ ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ನಾನು ಇದನ್ನು ಮನಸಾರೆ ಸ್ವಾಗತಿಸುವವನು. ಆದರೆ ಟಾರ್ಗೆಟ್ ಅಷ್ಟೇ ಇಟ್ಟು, ಲೈನಿಗೆ ಜನ ಅಷ್ಟೇ ಇಟ್ಟು ರಜೆ ಕೊಟ್ಟರೆ, ರಜೆ ಹಾಕಿದವಳ ಪಾಲಿನ ಕೆಲಸ ಪಕ್ಕದವಳ ಬೆನ್ನಿಗೆ ಬೀಳುತ್ತದೆ. ಮರುದಿನ ಆಕೆಯ ಮುಖ ನೋಡಲು ಇವಳಿಗೆ ಸಂಕೋಚ. ಇದಕ್ಕೂ ಬೇಕಾದ್ದು ಆ ಫ್ಲೋಟರ್ ಟೈಲರೇ.

ಈಗ ಮನಸ್ಸಿನ ಕಡೆಗೆ. ಹೃದಯಾಘಾತ ಮೇಲಧಿಕಾರಿಗಳ ಕಾಯಿಲೆ, ಜವಾಬ್ದಾರಿ ಹೊತ್ತವರ ಕಾಯಿಲೆ ಎಂಬ ನಂಬಿಕೆ ಹಿಂದೆ ಇತ್ತು. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ನಡೆಸಿದ ವೈಟ್‌ಹಾಲ್ ಅಧ್ಯಯನಗಳು ಅದನ್ನು ಬುಡಮೇಲು ಮಾಡಿದವು. ಕೆಳ ದರ್ಜೆಯ ನೌಕರರಲ್ಲೇ ಹೃದ್ರೋಗ ಹೆಚ್ಚು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಲೆಕ್ಕಕ್ಕೆ ತೆಗೆದುಕೊಂಡರೂ ಆ ಅಂತರದಲ್ಲಿ ಬಹಳಷ್ಟು ಹಾಗೇ ಉಳಿಯಿತು. ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದಿರುವುದು, ಯಾವಾಗ ಏಳಬೇಕು, ಯಾವ ವೇಗದಲ್ಲಿ ಮಾಡಬೇಕು, ಮೊದಲು ಯಾವುದು ಎಂಬುದನ್ನು ಇನ್ನೊಬ್ಬರೇ ತೀರ್ಮಾನಿಸುವುದು, ಅದಕ್ಕೊಂದು ಮುಖ್ಯ ಕಾರಣ ಎಂದು ಅವರು ಕಂಡುಕೊಂಡರು. ತುಂಬಿದ ಬಾಟಲಿಯ ಮುಂದೆ ಬಾಯಾರಿ ಕೂತ ಟೈಲರ್‌ಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಬಾಯಿಬಿಟ್ಟು ಹೇಳುವ ಅವಕಾಶ ಕೊಟ್ಟರೂ ಎಷ್ಟೋ ಬದಲಾಗುತ್ತದೆ. ಆಗಲೇ ಹೇಳಿದ ಅರ್ಥಶಾಸ್ತ್ರಜ್ಞರಲ್ಲಿ ಅಧ್ವರ್ಯು ಮತ್ತು ನೈಷಧಂ ಇನ್ನೊಬ್ಬರ ಜೊತೆಗೂಡಿ ಭಾರತದ ಗಾರ್ಮೆಂಟ್ಸ್ ಕಾರ್ಮಿಕರಲ್ಲಿ ಇದನ್ನೂ ಪರೀಕ್ಷಿಸಿದರು. ಸಂಬಳ ನಿರೀಕ್ಷೆಯಷ್ಟು ಏರದೆ ಬೇಸರವಾಗಿದ್ದ ಹೊತ್ತು. ಕೆಲವರನ್ನು ಆಯ್ದು, ಕೆಲಸ, ಸಂಬಳ, ಸೂಪರ್‌ವೈಸರ್ ಬಗ್ಗೆ ಅವರ ಅಭಿಪ್ರಾಯ ಕೇಳಿದರು. ಹಾಗೆ ಕೇಳಿಸಿಕೊಂಡವರಲ್ಲಿ ಕೆಲಸ ಬಿಟ್ಟು ಹೋಗುವ ಪ್ರಮಾಣ ಉಳಿದವರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆಯಾಯಿತು. ಬರೀ ಕೇಳಿ ಸುಮ್ಮನಾದರೆ ಸಾಕು ಎಂದು ನಾನು ಹೇಳುತ್ತಿಲ್ಲ. ಕೇಳಿದ್ದನ್ನು ಮಾಡದಿದ್ದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಐಟಿ ಕಚೇರಿಗಳ ಸ್ಥಿತಿಯೂ ಇದಕ್ಕಿಂತ ದೂರವಿಲ್ಲ. ಅಲ್ಲಿ ನೀರಿದೆ, ಎಸಿ ಇದೆ, ಒಳ್ಳೆಯ ಕುರ್ಚಿ ಇದೆ. ಇಲ್ಲದ್ದು ಕೆಲಸ ಮುಗಿಯುವ ಹೊತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜು ಇದು: ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. 2024ರ ಜುಲೈನಲ್ಲಿ ಕರ್ನಾಟಕದ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಚಾಚಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ ನೌಕರರ ಸಂಘಟನೆ ಬೀದಿಗಿಳಿದದ್ದು ಸರಿಯಾಗಿಯೇ ಇತ್ತು. ರಾತ್ರಿ ಹನ್ನೊಂದಕ್ಕೆ ಮೀಟಿಂಗ್ ಇಟ್ಟ ಕಂಪನಿ ಬೆಳಿಗ್ಗೆ ಆರಕ್ಕೆ ಧ್ಯಾನದ ಆ್ಯಪ್‌ನಿಂದ ನೆನಪೋಲೆ ಕಳಿಸಿದರೆ ಪ್ರಯೋಜನವಿಲ್ಲ. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 46,000ಕ್ಕೂ ಹೆಚ್ಚು ನೌಕರರ ಸಮೀಕ್ಷೆಯನ್ನು ಪರಿಶೀಲಿಸಿ 2024ರಲ್ಲಿ ಬರೆದದ್ದೂ ಹೀಗೆಯೇ: ಆ್ಯಪ್, ಒತ್ತಡ ನಿರ್ವಹಣೆಯ ತರಗತಿ ಮುಂತಾದವುಗಳಲ್ಲಿ ಪಾಲ್ಗೊಂಡವರ ಮನಸ್ಸಿನ ನೆಮ್ಮದಿ ಪಾಲ್ಗೊಳ್ಳದವರಿಗಿಂತ ಹೆಚ್ಚಿರಲಿಲ್ಲ.

ಆಪ್ತ ಸಮಾಲೋಚನೆಯ ಮಾತು ಬೇರೆ. ಖಿನ್ನತೆ, ಆತಂಕ ಇರುವವರಿಗೆ ಚಿಕಿತ್ಸೆ ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ ಎಚ್‌ಆರ್ ಕಿವಿಗೆ ಬೀಳುತ್ತದೆ ಎಂಬ ಭಯ ಇರುವವರೆಗೆ ಯಾರೂ ಫೋನ್ ಮಾಡುವುದಿಲ್ಲ. ಮಾನಸಿಕ ಆರೋಗ್ಯದ ವಿವರ ಗುಟ್ಟಾಗಿರಬೇಕು ಎಂಬುದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಕೊಟ್ಟ ಹಕ್ಕು. ಮಾಲೀಕರು ಇದನ್ನು ಬರವಣಿಗೆಯಲ್ಲಿ ಒಪ್ಪಿ ಬೋರ್ಡಿನಲ್ಲಿ ಹಾಕಬೇಕು. ಕಂಪನಿಯ ಗೊಡವೆಯೇ ಬೇಡ ಎನ್ನುವವರು ಸರ್ಕಾರದ ಟೆಲಿ ಮಾನಸ್‌ಗೆ ಕರೆ ಮಾಡಬಹುದು. ಸಂಖ್ಯೆ 14416, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಇನ್ನೊಮ್ಮೆ ಹೇಳುತ್ತೇನೆ, ಒಂದು ನಾಲ್ಕು ನಾಲ್ಕು ಒಂದು ಆರು.

‘ಮಾಲೀಕರಿಗೂ ಲಾಭ, ಕಾರ್ಮಿಕರಿಗೂ ಲಾಭ’ ಎಂಬ ಮಾತನ್ನು ನಾನೂ ಆಡಿದ್ದೇನೆ. ಆದರೆ ಯಾರಿಗೆ ಎಷ್ಟು ಎಂದು ಕೇಳಲೇಬೇಕು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ ಮಾತುಗಾರಿಕೆ, ಸಮಯ ನಿರ್ವಹಣೆ, ಸಮಸ್ಯೆ ಬಿಡಿಸುವುದು ಇಂಥವನ್ನು ಕಲಿಸಿದ ಒಂದು ತರಬೇತಿಯ ಅಧ್ಯಯನ ಇದೆ; ಎಲ್‌ಇಡಿ ಅಧ್ಯಯನದ ಅದೇ ಮೂವರು ಮಾಡಿದ್ದು. ತರಬೇತಿ ಪಡೆದವರ ಉತ್ಪಾದಕತೆ ಶೇ 20ರಷ್ಟು ಹೆಚ್ಚಾಯಿತು. ಮುಗಿದ ಎಂಟು ತಿಂಗಳಿಗೆ ಕಂಪನಿಗೆ ಹಾಕಿದ ದುಡ್ಡಿನ ಮೇಲೆ ಶೇ 258ರಷ್ಟು ನಿವ್ವಳ ಲಾಭ. ಕಾರ್ಮಿಕರ ಸಂಬಳ ಏರಿದ್ದು ಶೇ 0.5. ಇದು ನೇರವಾಗಿ ಆರೋಗ್ಯದ ಕಾರ್ಯಕ್ರಮವಲ್ಲ. ಆದರೂ ಈ ಮೂರು ಅಂಕಿಗಳು ನನ್ನನ್ನು ಬಿಡುವುದಿಲ್ಲ. ಲಾಭ ತಾನಾಗಿ ಹಂಚಿಕೆಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಬೇಕಿಲ್ಲ. ಆರೋಗ್ಯ ಸುಧಾರಿಸಿ ಪೀಸು ಹೆಚ್ಚು ಬರತೊಡಗಿದ ಕೂಡಲೇ ಗಂಟೆಯ ಟಾರ್ಗೆಟ್ ಏರಿಸಿದರೆ, ಕಾರ್ಮಿಕರಿಗೆ ಉಳಿಯುವುದು ಹಳೆಯ ಆಯಾಸವೇ. ಟಾರ್ಗೆಟ್ ಏರಿಸುವುದಿಲ್ಲ, ಉಳಿತಾಯದಲ್ಲಿ ಇಂತಿಷ್ಟು ಸಂಬಳಕ್ಕೆ ಸೇರಿಸುತ್ತೇವೆ ಎಂದು ಕಾರ್ಯಕ್ರಮ ಶುರು ಮಾಡುವಾಗಲೇ ಬರೆದು ಕೊಡುವ ಮಾಲೀಕರು ಬೇಕು.

ಕೂರುವ ಹಕ್ಕಿನ ಹೋರಾಟವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕೇರಳದ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ದಿನವಿಡೀ ನಿಂತು ಕಾಲು ಬಾತು, ನರ ಉಬ್ಬಿ ಬಳಲುತ್ತಿದ್ದರು. ಕೋಳಿಕ್ಕೋಡಿನ ವಿಜಿ ಪೆಣ್‌ಕೂಟ್ಟು ಮುಂತಾದವರು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಅಲ್ಲಿನ ಕಾನೂನಿಗೆ ತಿದ್ದುಪಡಿಯಾಗಿ ಅಂಗಡಿ ಕೆಲಸಗಾರರಿಗೆ ಆಸನ ಕಡ್ಡಾಯವಾಯಿತು. 2021ರಲ್ಲಿ ತಮಿಳುನಾಡು ಅದೇ ಹಾದಿ ಹಿಡಿಯಿತು. ನಮ್ಮ ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲೋ ಮಾಲ್‌ನಲ್ಲೋ ವ್ಯಾಪಾರ ಮಾಡುವ ಕೇಳುಗರೇ, ಮುಂದಿನ ಸಲ ಹೋದಾಗ ಸೀರೆ ಬಿಚ್ಚಿ ತೋರಿಸುವ ಹುಡುಗಿಯ ಹಿಂದೆ ಸ್ಟೂಲ್ ಇದೆಯೇ ನೋಡಿ. ಇಲ್ಲದಿದ್ದರೆ ಗಲ್ಲಾಪೆಟ್ಟಿಗೆಯಲ್ಲಿ ಕೂತವರನ್ನು ಕೇಳಿ. ಗಿರಾಕಿಯ ಮಾತಿಗೆ ಬೆಲೆ ಇದೆ.

ಇನ್ನು ಸಣ್ಣ ಘಟಕಗಳು. ಪೀಣ್ಯದಲ್ಲಿ ಇಪ್ಪತ್ತು ಮೂವತ್ತು ಜನರ ವರ್ಕ್‌ಶಾಪ್ ನಡೆಸುವವರು ‘ಡಾಕ್ಟರೇ, ಇದೆಲ್ಲ ದೊಡ್ಡ ಕಂಪನಿಗಳಿಗೆ’ ಎನ್ನುತ್ತಾರೆ. ನನ್ನ ಅನುಭವ ಹಾಗಿಲ್ಲ. ಅಲ್ಲಿ ಮಾಲೀಕರು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಬಲ್ಲರು. ಒಂದು ಎಕ್ಸಾಸ್ಟ್ ಫ್ಯಾನ್, ಗ್ರೈಂಡಿಂಗ್ ಮಾಡುವವರಿಗೆ ಸರಿಯಾದ ಕನ್ನಡಕ ಮತ್ತು ಮಾಸ್ಕ್, ಚಿಲಕ ನೆಟ್ಟಗಿರುವ ಶೌಚಾಲಯ, ಎಲ್ಲರ ಇಎಸ್‌ಐ ವಂತಿಗೆ ಪ್ರತಿ ತಿಂಗಳು ತಪ್ಪದೆ ಕಟ್ಟುವುದು. ಈ ಕೊನೆಯದು ಬಹಳ ಮುಖ್ಯ. ವಂತಿಗೆ ನಿಯಮದಂತೆ ಕಟ್ಟಿದ್ದರೆ ಕಾಯಿಲೆ ಬಿದ್ದವರಿಗೆ ವೈದ್ಯರ ಸರ್ಟಿಫಿಕೇಟಿನ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಹಣ ಇಎಸ್‌ಐನಿಂದಲೇ ಸಿಗುತ್ತದೆ. ಎಷ್ಟೋ ಕಾರ್ಮಿಕರಿಗೆ ಇದು ಗೊತ್ತೇ ಇಲ್ಲ. ಜ್ವರದಲ್ಲೇ ಕೆಲಸಕ್ಕೆ ಬರುತ್ತಾರೆ.

ಎಲ್ಲಿಂದ ಶುರು ಮಾಡಬೇಕು ಎಂದು ಕೇಳುವ ಮಾಲೀಕರಿಗೆ ನಾನು ಹೇಳುವುದು, ಹೊರಗಿನಿಂದ ಯಾರನ್ನೂ ಕರೆಸುವ ಮೊದಲು ಚಿಕಿತ್ಸಾ ಕೋಣೆಯಲ್ಲಿ ನರ್ಸ್ ಬರೆದಿಡುವ ರಿಜಿಸ್ಟರ್ ತೆಗೆದು ನೋಡಿ. ಯಾವ ಲೈನಿನವರು, ಯಾವ ಹೊತ್ತಿಗೆ, ಯಾವ ದೂರು ಹೊತ್ತು ಬರುತ್ತಾರೆ ಎಂದು ಬಿಡಿಸಿ ಬರೆದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಒಂದೇ ಲೈನಿನಿಂದ ತಲೆನೋವು ಬರುತ್ತಿದ್ದರೆ ಆ ಲೈನಿನ ಬೆಳಕು ನೋಡಿ, ಗಾಳಿ ನೋಡಿ, ಸೂಪರ್‌ವೈಸರ್ ಮಾತಾಡುವ ರೀತಿ ನೋಡಿ. ಹೆಸರುಗಳನ್ನು ಮಾತ್ರ ಯಾರಿಗೂ ತೋರಿಸಬಾರದು, ಲೆಕ್ಕ ಸಾಕು. ಆ ಲೆಕ್ಕ ಹಿಡಿದು ಒಂದು ಸಮಿತಿ ಕೂರಲಿ. ಅದರಲ್ಲಿ ಅರ್ಧದಷ್ಟಾದರೂ ಯಂತ್ರದ ಮುಂದೆ ಕೂರುವವರೇ ಇರಲಿ, ಅವರನ್ನು ಜೊತೆಗಾರರೇ ಆರಿಸಲಿ, ಸಭೆ ಕೆಲಸದ ಹೊತ್ತಿನಲ್ಲೇ ನಡೆಯಲಿ, ಆ ಹೊತ್ತಿನ ಪೀಸುಗಳನ್ನು ಟಾರ್ಗೆಟ್‌ನಿಂದ ಕಳೆಯಲಿ. ಬೇಸಿಗೆ ಏರುವುದು ಮಾರ್ಚ್‌ನಲ್ಲಿ. ನೀರು, ಫ್ಯಾನು, ಫ್ಲೋಟರ್ ಟೈಲರ್, ಈ ಮೂರನ್ನು ತೀರ್ಮಾನಿಸುವ ಮೊದಲ ಸಭೆಯನ್ನು ಫೆಬ್ರವರಿ ಮುಗಿಯುವುದರೊಳಗೆ ಕರೆಯಿರಿ.